ಅಜ್ಜಿಯ ಅಜ್ಜ ಐರ್ಲೆಂಡಿನವರಂತೆ, ಎಲ್ಲಿಂದ ಹುಡುಕಲಿ?

ಬೈತಖೋಲ್ ಗಾಳಿ:
ನಮಸ್ಕಾರ, ನಾವು ಕಾರವಾರದವರು. ನನ್ನ ಅಜ್ಜಿಯ ಅಜ್ಜ ಐರ್ಲೆಂಡಿನಿಂದ ಬಂದವರು, ಕ್ಯಾಸಲ್‌ರಾಕಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದರು, ಇಲ್ಲಿನವರನ್ನೇ ಮದುವೆಯಾಗಿ ಇಲ್ಲೇ ಉಳಿದರು ಅಂತ ಮನೆಯಲ್ಲಿ ಹೇಳುತ್ತಾ ಬಂದಿದ್ದಾರೆ. ಸಾಕ್ಷಿ ಅಂತ ಇರುವುದು ಅವರ ಪ್ರಾರ್ಥನೆ ಪುಸ್ತಕ ಒಂದೇ. ಕಪ್ಪು ಚರ್ಮದ ರಟ್ಟು, ಅಂಗೈಯಷ್ಟು ಅಗಲ. ಮೊದಲ ಹಾಳೆಯಲ್ಲಿ ಕಂದು ಮಸಿಯಲ್ಲಿ ಹೆಸರು, ಹುಟ್ಟಿದ ವರ್ಷ 1862, ಕೊನೆಗೆ ಕ್ಲೇರ್ ಕೌಂಟಿ. ನಡುವೆ ಊರಿನ ಹೆಸರಿದೆ. 'ಕಿಲ್' ಅಂತ ಶುರುವಾಗುತ್ತದೆ, ಮುಂದಿನದನ್ನು ನಮ್ಮ ಮಳೆಗಾಲ ತಿಂದಿದೆ. ಅಡ್ಡಹೆಸರು ಇಲ್ಲಿ ಹಾಕುವುದಿಲ್ಲ, ಆದರೆ ನಮ್ಮಲ್ಲಿ ಭಟ್ಟರು, ನಾಯ್ಕರು ಇದ್ದ ಹಾಗೆ ಅಲ್ಲಿ ಓಣಿಗೆ ನಾಲ್ಕು ಮನೆ ಇರುವಂಥ ಹೆಸರು.

1922ರಲ್ಲಿ ಡಬ್ಲಿನ್‌ನಲ್ಲಿ ಬೆಂಕಿ ಬಿದ್ದು ದಾಖಲೆಯೆಲ್ಲ ಸುಟ್ಟುಹೋಗಿದೆ, ಸುಮ್ನೆ ಕೂತ್ಕೋ ಅಂತಾನೆ ನಮ್ಮಣ್ಣ. ಹೌದಾ?

ಸೊಪ್ಪಿನಬೆಟ್ಟ, ಶಿರಸಿ:
ನಿಮ್ಮಣ್ಣ ಹೇಳಿದ್ದು ಅರ್ಧ ಸರಿ. ನಮ್ಮ ಅಳಿಯ ಕಾರ್ಕ್ ಕಡೆಯವನು, ಅವನ ಮನೆತನ ಹುಡುಕುತ್ತಾ ಎರಡು ಮಳೆಗಾಲ ಕಳೆದಿದ್ದೇನೆ, ಅಡಿಕೆ ಕೊಯ್ಲು ಬಂದಾಗ ಮಾತ್ರ ಬಿಟ್ಟಿದ್ದು.

ಬೆಂಕಿಯಲ್ಲಿ ಹೋದದ್ದು 1821ರಿಂದ 1851ರವರೆಗಿನ ಜನಗಣತಿ, ಬಹುಪಾಲು ಎಲ್ಲಾ. ಚರ್ಚ್ ಆಫ್ ಐರ್ಲೆಂಡ್ ಅಂದರೆ ಅಲ್ಲಿನ ಪ್ರಾಟೆಸ್ಟೆಂಟ್ ಚರ್ಚು, ಅದರ ಅರ್ಧಕ್ಕಿಂತ ಜಾಸ್ತಿ ರಿಜಿಸ್ಟರುಗಳೂ ಹೋದವು. ಆದರೆ 1861, 1871ರ ಗಣತಿಯನ್ನು ಸರ್ಕಾರವೇ ಮೊದಲೇ ನಾಶ ಮಾಡಿತ್ತು, 1881, 1891ರದ್ದನ್ನು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಗೆ ಹಾಕಿದರು. ಪಾಪ, ಎಲ್ಲದಕ್ಕೂ ಬೆಂಕಿಯನ್ನೇ ಬೈಯುತ್ತಾರೆ.

ನಿಮ್ಮವರು ಕ್ಯಾಥೊಲಿಕ್ ಆಗಿದ್ದರೆ ಅದೃಷ್ಟ. ಅವರ ರಿಜಿಸ್ಟರುಗಳು ಆಯಾ ಊರಿನ ಚರ್ಚಿನಲ್ಲೇ ಇದ್ದವು, ಸುಡಲಿಲ್ಲ. ಹುಟ್ಟು ಸಾವಿನ ಸರ್ಕಾರಿ ನೋಂದಣಿ ಶುರುವಾದದ್ದು 1864ರಲ್ಲಿ, ನಿಮ್ಮವರು ಎರಡು ವರ್ಷ ಮೊದಲೇ ಹುಟ್ಟಿಬಿಟ್ಟಿದ್ದಾರೆ! ಹಾಗಾಗಿ ಚರ್ಚಿನ ರಿಜಿಸ್ಟರೇ ಗತಿ. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅವುಗಳ ಚಿತ್ರಗಳನ್ನು ಬಿಟ್ಟಿಯಾಗಿ ಅಂತರ್ಜಾಲಕ್ಕೆ ಹಾಕಿದೆ, ಹೆಚ್ಚಿನವು 1880ರವರೆಗೆ. ಆ ಜಾಗದಲ್ಲಿ ಹೆಸರು ಟೈಪ್ ಮಾಡಿ ಹುಡುಕಲು ಬರುವುದಿಲ್ಲ. ಒಂದೊಂದೇ ಪುಟ ತಿರುವಬೇಕು. ಎಷ್ಟೋ ಕಡೆ ಲ್ಯಾಟಿನ್, ಜೇಮ್ಸ್ ಅಲ್ಲಿ ಜಾಕೋಬಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮಸ್. ಹೆಸರಿನ ಮುಂದಿನ ಓ, ಮ್ಯಾಕ್ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಮಾಯ.

ಆದರೆ ಅಲ್ಲಿಗೆ ಹಾರುವ ಮೊದಲು ಇಲ್ಲಿಂದ ಶುರು ಮಾಡಿ. ಮದುವೆಯ ದಾಖಲೆ ಮೊದಲು ಬೇಕು, ಅದರಲ್ಲಿ ವರನ ಅಪ್ಪನ ಹೆಸರು ಸಿಗುತ್ತದೆ. ಅಷ್ಟು ಸಾಮಾನ್ಯ ಅಡ್ಡಹೆಸರು ಇಟ್ಟುಕೊಂಡು, ಅಪ್ಪನ ಹೆಸರಿಲ್ಲದೆ ಕ್ಲೇರ್‌ಗೆ ಹೋದರೆ ಯಾರದೋ ಅಜ್ಜನನ್ನು ಮನೆಗೆ ಕರೆತರುತ್ತೀರಿ. ಇಲ್ಲಿನ ಚರ್ಚುಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ, ಕ್ಯಾಥೊಲಿಕ್ ಚರ್ಚಿನವು ಮಾತ್ರ ಎಲ್ಲವೂ ಹೋಗಿಲ್ಲ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಬಂದದ್ದು. ನಿಮ್ಮವರು ರೈಲಿನ ಕಾಲದವರು, ಮುಂಬೈ ಕಡತ ನೋಡಿ. ಮೊದಲು ಸೈನ್ಯದಲ್ಲಿದ್ದು ಪಿಂಚಣಿ ಪಡೆದವರಾಗಿದ್ದರೆ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಡುಗಡೆ ಕಾಗದ ಇರಬಹುದು, ಅದರಲ್ಲಿ ಹುಟ್ಟಿದ ಊರನ್ನೂ ಬರೆಯುತ್ತಿದ್ದರು.

ಕರಿ ಇಶಾಡು:
ಅಂಕೋಲೆಯಿಂದ. ಮೇಲಿನವರು ಎಲ್ಲಾ ಹೇಳಿದ್ದಾರೆ, ನನ್ನದು ಸ್ವಲ್ಪ.

'ಕಿಲ್' ಅಂದರೆ ಹೆಚ್ಚಾಗಿ ಚರ್ಚು ಅಂತ ಅರ್ಥ. ನಮ್ಮ ಗದ್ದೆ, ಕೊಪ್ಪ ಇದ್ದ ಹಾಗೆ ಅಲ್ಲಿ ಎಲ್ಲಿ ನೋಡಿದರೂ ಕಿಲ್. ಕ್ಲೇರ್ ಒಂದರಲ್ಲೇ ಕಿಲ್‌ರಷ್, ಕಿಲ್ಕೀ, ಕಿಲಲೂ ಇವೆ. ಹಾಳೆಯನ್ನು ಬಿಸಿಲಿಗೆ ಹಿಡಿಯಬೇಡಿ, ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಓರೆಯಾಗಿ ಇಟ್ಟು ನೋಡಿ, ನಿಬ್ಬು ಒತ್ತಿದ ಗೀರು ಕಾಣಬಹುದು.

ಇನ್ನೊಂದು, 1901 ಮತ್ತು 1911ರ ಗಣತಿ ಪೂರ್ತಿ ಉಳಿದಿದೆ, ಬಿಟ್ಟಿ. ನಿಮ್ಮವರು ಅಷ್ಟರಲ್ಲಿ ಇಲ್ಲಿದ್ದರು, ಆದರೆ ಅಣ್ಣ ತಮ್ಮಂದಿರು ಅಲ್ಲೇ ಇದ್ದಿರಬೇಕು ಅಲ್ವಾ? 1911ರಲ್ಲಿ ಮದುವೆಯಾದ ಹೆಂಗಸರನ್ನು ಎಷ್ಟು ಮಕ್ಕಳು ಹುಟ್ಟಿದವು, ಎಷ್ಟು ಉಳಿದಿವೆ ಅಂತ ಕೇಳಿದ್ದಾರೆ. ಹನ್ನೊಂದು, ಆರು ಅಂತ ಒಂದು ಮನೆಯಲ್ಲಿ ನೋಡಿ ಆ ದಿನ ಮುಂದೆ ಓದಲಿಲ್ಲ ನಾನು. ವಯಸ್ಸು ಮಾತ್ರ ನಂಬಬೇಡಿ. 1909ರಿಂದ ಎಪ್ಪತ್ತು ತುಂಬಿದವರಿಗೆ ಪಿಂಚಣಿ ಬಂತು, ಹತ್ತು ವರ್ಷದಲ್ಲಿ ಹದಿನೈದು ವರ್ಷ ಮುದುಕರಾದವರು ಬೇಕಾದಷ್ಟು ಜನ!

ಮನೆತನದ ಲಾಂಛನ ಕೊಡುತ್ತೇವೆ ಅನ್ನುವವರಿಗೆ ದುಡ್ಡು ಕೊಡಬೇಡಿ. ನಾನು ಕೊಟ್ಟಿದ್ದೆ. ಲಾಂಛನ ಒಬ್ಬ ವ್ಯಕ್ತಿಗೆ ಕೊಡುವುದು, ಅಡ್ಡಹೆಸರಿಗಲ್ಲ. ಆ ಫ್ರೇಮು ಈಗ ನಮ್ಮ ಅಟ್ಟದ ಮೇಲಿದೆ.

ಬೈತಖೋಲ್ ಗಾಳಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಪೂಜೆ ಮುಗಿದ ಮೇಲೆ ಮದುವೆ ರಿಜಿಸ್ಟರ್ ಬಗ್ಗೆ ಫಾದರ್ ಹತ್ತಿರ ಕೇಳುತ್ತೇನೆ.

ನಿನ್ನೆ ಕರೆಂಟು ಹೋಗಿತ್ತು, ಅದೇ ಹೊತ್ತು ಅಂತ ಟಾರ್ಚ್ ಹಿಡಿದೆ. ಕಿಲ್ ಆದ ಮೇಲೆ ಒಂದು ಉದ್ದ ಗೀಟು, ಅದರಿಂದ ಕೆಳಕ್ಕೆ ಓರೆಯಾಗಿ ಇನ್ನೊಂದು. ನಾನು ಆರ್ ಅಂತೀನಿ, ಅಮ್ಮ ಕೆ ಅಂತಾಳೆ. ಅಣ್ಣನೂ ಕನ್ನಡಕ ಹಾಕ್ಕೊಂಡು ಬಂದು ಅರ್ಧ ಗಂಟೆ ಬಗ್ಗಿ ನೋಡಿದ.