66ನೇ ವಯಸ್ಸಲ್ಲಿ ಒಬ್ಳೇ ಸ್ವಾಲ್ಬಾರ್ಡ್‌ಗೆ ಹಡಗಲ್ಲಿ ಹೋಗ್ಬೇಕು ಅಂತಿದೀನಿ, ಹೋಗಿಬಂದವರು ಇದ್ರೆ ಹೇಳಿ

ತೀರ್ಥಹಳ್ಳಿ ಟೀಚರ್

ಎಲ್ರಿಗೂ ನಮಸ್ಕಾರ. ಹೈಸ್ಕೂಲಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿ ರಿಟೈರ್ ಆದೋಳು ನಾನು. ಗ್ಲೋಬ್ ತಿರುಗಿಸಿ ತಿರುಗಿಸಿ ಮಧ್ಯರಾತ್ರಿ ಸೂರ್ಯ ಅಂತ ಎಷ್ಟು ಬ್ಯಾಚಿಗೆ ಹೇಳಿದೀನೋ ಲೆಕ್ಕ ಇಲ್ಲ, ನಾನೇ ನೋಡಿಲ್ಲ. ನಮ್ಮನೆಯವರು ತೀರಿಹೋಗಿ ನಾಲ್ಕು ವರ್ಷ ಆಯ್ತು. ನಾರ್ವೆಗಿಂತ ಇನ್ನೂ ಮೇಲೆ ಸ್ವಾಲ್ಬಾರ್ಡ್ ದ್ವೀಪಗಳಿದಾವಲ್ಲ, ಅಲ್ಲಿ ಸಣ್ಣ ಹಡಗಲ್ಲಿ ಹತ್ತು ದಿನ ಸುತ್ತಿಸ್ತಾರಂತೆ, ಜುಲೈದು ಒಂದು ನೋಡಿಟ್ಟಿದೀನಿ. ಮಗ "ಅಮ್ಮ ಕಾಶಿಗೆ ಬೇಕಾದ್ರೆ ಕಳಿಸ್ತೀನಿ" ಅಂತಾನೆ. ಬಿಪಿ ಇದೆ, ಎಡಗಾಲು ಮಂಡಿ ಸ್ವಲ್ಪ ತಕರಾರು, ಮೊಟ್ಟೆನೂ ತಿನ್ನಲ್ಲ. ಚಳಿ ತಡ್ಕೊಳ್ಳಕ್ಕೆ ಆಗುತ್ತಾ? ಒಂಟಿ ಹೆಂಗಸು ಅಂತ ಕಷ್ಟ ಆಗುತ್ತಾ? ನಿಜ ಹೇಳಿ, ಹೆದರಿಸಿದ್ರೂ ಪರವಾಗಿಲ್ಲ.

ಸಾಗರದ ಶಾರದಕ್ಕ

ಟೀಚರೇ ನೀವು ನಂಗಿಂತ ಮೂರು ವರ್ಷ ಚಿಕ್ಕೋರು, ಹೋಗಿ ಬನ್ನಿ. ನಾನು ಹೋಗಿದ್ದು ನನ್ನ 67ಕ್ಕೆ, ಒಬ್ಳೇ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಚಳಿ ವಿಷ್ಯ ಮೊದ್ಲು ತಲೆಯಿಂದ ತೆಗೀರಿ. ಜುಲೈಲಿ ಅಲ್ಲಿ ಐದಾರು ಡಿಗ್ರಿ ಇರುತ್ತೆ, ಫ್ರಿಜ್ಜಿನ ಬಾಗಿಲು ತೆಗೆದು ನಿಂತಂಗೆ ಅಷ್ಟೆ. ನಮ್ಮ ಮಳೆಗಾಲದ ಥಂಡಿ ಮೂಳೆಗೆ ಇಳೀತದಲ್ಲ, ಹಂಗಲ್ಲ ಅದು, ಒಣ ಚಳಿ. ಲಾಂಗಿಯರ್‌ಬೀನ್ ಅಂತ ಅಲ್ಲಿಯ ಮುಖ್ಯ ಊರು, 78 ಡಿಗ್ರಿ ಉತ್ತರ, ಅಲ್ಲಿ ಮಳೆ ಹಿಮ ಎಲ್ಲಾ ಸೇರಿ ವರ್ಷಕ್ಕೆ ಬೀಳೋದು 200 ಮಿಲಿಮೀಟರ್ ಆಸುಪಾಸು, ನಮ್ಮ ಆಗುಂಬೆಲಿ ಜೋರು ಹಿಡಿದ್ರೆ ಒಂದೇ ದಿನಕ್ಕೆ ಅಷ್ಟು ಸುರೀತದೆ. ಹಾಗಾಗಿ ತುಟಿ ಕೈ ಒಡೆಯುತ್ತೆ, ಕೊಬ್ರಿ ಎಣ್ಣೆ ಸಾಕಾಗಲ್ಲ, ದಪ್ಪ ಕ್ರೀಮು ಬೇಕು. ಗಾಳಿ ಮಾತ್ರ ಬೇರೆ ಕತೆ, ದೋಣಿ ಓಡುವಾಗ ಮುಖಕ್ಕೆ ಹೊಡೆಯೋದು ತಡ್ಕೊಳ್ಳಕ್ಕೆ ಆಗಲ್ಲ, ಮಂಕಿ ಟೋಪಿ ಹಾಕ್ಕೊಂಡೆ, ಯಾರೂ ನಗಲಿಲ್ಲ, ಒಬ್ಬಳು ಜರ್ಮನ್ ಅಜ್ಜಿ ಎಲ್ಲಿ ತಗೊಂಡೆ ಅಂತ ಕೇಳಿದ್ಲು. ಒಳಗೆ ಉಣ್ಣೆ ಥರ್ಮಲ್, ಕಾಟನ್ ಬೇಡವೇ ಬೇಡ, ಒದ್ದೆ ಆದ್ರೆ ಒಣಗಲ್ಲ. ದಪ್ಪ ಜಾಕೆಟ್ಟು, ಮೊಣಕಾಲುದ್ದದ ರಬ್ಬರ್ ಬೂಟು ನಮಗೆ ಹಡಗಿನವರೇ ಕೊಟ್ರು, ನಿಮ್ಮದರಲ್ಲಿ ಕೊಡ್ತಾರಾ ಕೇಳ್ಕೊಳ್ಳಿ.

ನೀವು ಹೆದರಬೇಕಾಗಿರೋದು ಮಂಡಿಗೆ. ಹಡಗು ದಡಕ್ಕೆ ಬರಲ್ಲ, ಜೆಟ್ಟಿ ಗಿಟ್ಟಿ ಎಂತದೂ ಇಲ್ಲ. ಜೋಡಿಯಾಕ್ ಅಂತ ಗಾಳಿ ತುಂಬಿದ ರಬ್ಬರ್ ದೋಣಿ, ಹತ್ತು ಜನ ಅಂಚಿನ ಮೇಲೆ ಸಾಲಾಗಿ ಕೂರೋದು. ಹಡಗಿನ ಪಕ್ಕದ ಏಣಿ ಇಳಿದು, ತೂಗಾಡ್ತಿರೋ ದೋಣಿಗೆ ಕಾಲಿಡ್ಬೇಕು, ದಿನಕ್ಕೆ ಎರಡು ಸಲ ಹೋಗೋದು ಬರೋದು. ಮಳೆಗಾಲದಲ್ಲಿ ಅಡಿಕೆ ದಬ್ಬೆ ಸಂಕ ದಾಟಿದೀರಲ್ಲ, ಅದೇ ಹದ. ಅವರು ಕೈ ಹಿಡಿಯಲ್ಲ, ಮಣಿಕಟ್ಟು ಹಿಡೀತಾರೆ, ನೀವೂ ಅವರ ಮಣಿಕಟ್ಟು ಹಿಡೀಬೇಕು, ಅದು ಜಾರಲ್ಲ. ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಬ್ಯಾಗು ಎಲ್ಲ ಬೆನ್ನಿಗೆ. ದಡದಲ್ಲಿ ಕೂತಲ್ಲೇ ತಿರುಗಿ ಕಾಲು ಹೊರಗೆ ಹಾಕಿ ಮೊಣಕಾಲ ಕೆಳಗಿನ ನೀರಿಗೆ ಇಳಿಯೋದು. ಮೊದಲ ದಿನ ನಂಗೆ ಎದೆ ಡವಡವ, ಮೂರನೇ ದಿನಕ್ಕೆ ಸಿಗಂದೂರು ಲಾಂಚ್ ಹತ್ತಿದಂಗೆ ಹತ್ತಿದೆ. (ಈಗ ಸೇತುವೆ ಆಗಿ ಆ ಲಾಂಚಿನ ಮಜಾನೇ ಹೋಯ್ತು ಬಿಡಿ.)

ಮನೇಲಿ ಒಂದು ಪರೀಕ್ಷೆ ಮಾಡ್ಕೊಳ್ಳಿ. ಮಣೆ ಮೇಲೆ ಕೂತು, ಕೈ ಊರದೆ, ಗೋಡೆ ಹಿಡಿಯದೆ ಏಳಕ್ಕೆ ಬರುತ್ತಾ? ಬಂದ್ರೆ ಟಿಕೆಟ್ ಮಾಡಿ. ಬರ್ಲಿಲ್ಲ ಅಂದ್ರೆ ಆರು ತಿಂಗಳು ಟೈಮ್ ತಗೊಂಡು ಫಿಸಿಯೋಥೆರಪಿ ಮಾಡಿಸಿ ಆಮೇಲೆ ಮಾಡಿ. ನಾನು ದಿನಾ ಜಗುಲಿ ಮೆಟ್ಟಿಲು ಇಪ್ಪತ್ತು ಸಲ ಹತ್ತಿ ಇಳೀತಿದ್ದೆ, ಮನೆ ಮಂದಿ ಎಲ್ಲ ಇವಳಿಗೆ ಎಂತ ಆಯ್ತು ಅಂತ ನೋಡ್ತಿದ್ರು.

ದಡದಲ್ಲಿ ನಡೆಯೋದು ಮೂರು ಗುಂಪು, ಜೋರು ನಡೆಯೋರು, ಮಧ್ಯದವರು, ನಿಧಾನದವರು. ನಾನು ನಿಧಾನದ ಗುಂಪು. ಹಿಂದೆ ಮುಂದೆ ಬಂದೂಕು ಹಿಡಿದ ಗೈಡ್ ಇರ್ತಾರೆ, ಹಿಮಕರಡಿ ಕಾರಣಕ್ಕೆ. ಒಬ್ಬೊಬ್ಬರೇ ಆಚೆ ಈಚೆ ಹೋಗಂಗಿಲ್ಲ. ಕರಡಿ ಕಂಡ್ರೆ ಎಲ್ರನ್ನೂ ದೋಣಿಗೆ ಹತ್ತಿಸಿ ವಾಪಸ್, ಅಷ್ಟೆ. 2025ರ ಜನವರಿಯಿಂದ ಕಾನೂನೇ ಬಿಗಿ ಆಗಿದೆ, ಕರಡಿಯಿಂದ 300 ಮೀಟರ್ ದೂರ ಇರಬೇಕು, ಮಾರ್ಚ್‌ನಿಂದ ಜೂನ್ ಕೊನೇವರೆಗೆ 500 ಮೀಟರ್. ಹಾಗಾಗಿ ಮೊಬೈಲಲ್ಲಿ ಕರಡಿ ಫೋಟೋ ಅಂದ್ರೆ ಅನ್ನದಲ್ಲಿ ಕಲ್ಲು ಇದ್ದಂಗೆ ಒಂದು ಬಿಳಿ ಚುಕ್ಕೆ ಬರುತ್ತೆ. ಒಂದು ಒಳ್ಳೆ ಬೈನಾಕ್ಯುಲರ್ ತಗೊಳ್ಳಿ, ಕ್ಯಾಮೆರಾಕ್ಕಿಂತ ಅದಕ್ಕೆ ದುಡ್ಡು ಹಾಕಿ.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ದಡದಲ್ಲಿ ಟಾಯ್ಲೆಟ್ ಇಲ್ಲ, ಪೊದೆನೂ ಇಲ್ಲ, ಮರ ಅನ್ನೋದೇ ಇಲ್ಲ ಆ ದ್ವೀಪದಲ್ಲಿ. ಎರಡು ಮೂರು ಗಂಟೆ ಕಟ್ಕೊಂಡು ಇರಬೇಕು. ಬಿಪಿಗೆ ಮೂತ್ರ ಹೋಗೋ ಮಾತ್ರೆ ತಗೊಳ್ತಿದ್ರೆ ಯಾವ ಹೊತ್ತಿಗೆ ತಗೊಳ್ಬೇಕು ಅಂತ ಡಾಕ್ಟ್ರ ಹತ್ರ ಮೊದ್ಲೇ ಮಾತಾಡಿ.

ಹಾಂ, ಹಡಗು ಹತ್ತಿದ ದಿನ ನಮ್ಮ ಬಟ್ಟೆ ಬ್ಯಾಗು ಬೂಟು ಎಲ್ಲಾ ವ್ಯಾಕ್ಯೂಮ್ ಹೊಡೆಸಿದ್ರು, ಹೊರಗಿನ ಬೀಜ ಮಣ್ಣು ಅಲ್ಲಿಗೆ ಹೋಗಬಾರದು ಅಂತ. ನನ್ನ ಬ್ಯಾಗಿನ ವೆಲ್ಕ್ರೋದಲ್ಲಿ ಉತ್ತರಾಣಿ ಬೀಜ ಸಿಕ್ತು ಮಾರಾಯ್ರೆ! ತೋಟದಿಂದ ಉತ್ತರ ಧ್ರುವದ ಬುಡದವರೆಗೆ ಬಂದಿದೆ ಅದು. ಆ ಹುಡುಗಿ ಚಿಮಟದಲ್ಲಿ ತೆಗೆದು ಡಬ್ಬಿಗೆ ಹಾಕಿದ್ಲು, ನಂಗೆ ನಾಚಿಕೆ. ಹೊರಡೋ ಮುಂಚೆ ಮನೇಲೇ ಕ್ಲೀನ್ ಮಾಡ್ಕೊಂಡು ಹೋಗಿ.

ಹೊಸನಗರ ಭಟ್ರು

ಶಾರದಕ್ಕ ಎಲ್ಲಾ ಹೇಳಿದ್ರು, ವೀಸಾ ಬಿಟ್ರು. ನನ್ನ ಕತೆ ಕೇಳಿ ಟೀಚರಮ್ಮ, ಇದೊಂದು ತಪ್ಪು ಮಾಡ್ಬೇಡಿ. ಸ್ವಾಲ್ಬಾರ್ಡ್‌ಗೆ ಹೋಗಕ್ಕೆ ಯಾವ ವೀಸಾನೂ ಬೇಡ, 1920ರ ಒಪ್ಪಂದದ ಪ್ರಕಾರ ಅದು ನಾರ್ವೆದೇ ಆದ್ರೂ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಕೂಟ) ಒಳಗೆ ಬರಲ್ಲ. ಆದ್ರೆ ವಿಮಾನ ಹೋಗೋದು ನಾರ್ವೆಯ ಓಸ್ಲೋದಿಂದ ಇಲ್ಲಾ ಟ್ರೋಮ್ಸೋದಿಂದ, ಅಲ್ಲಿಗೆ ಷೆಂಗೆನ್ ವೀಸಾ ಬೇಕು. ಅಲ್ಲಿಂದ ಸ್ವಾಲ್ಬಾರ್ಡ್‌ಗೆ ಹೊರಟ ತಕ್ಷಣ ನೀವು ಷೆಂಗೆನ್ನಿಂದ ಹೊರಗೆ ಬಿದ್ದಂಗೆ, ಪಾಸ್‌ಪೋರ್ಟ್ ನೋಡೇ ಕಳಿಸ್ತಾರೆ. ವಾಪಸ್ ಬರುವಾಗ ಮತ್ತೆ ಎಂಟ್ರಿ. ಅಂದ್ರೆ ಡಬಲ್ ಎಂಟ್ರಿ ಇಲ್ಲಾ ಮಲ್ಟಿಪಲ್ ಎಂಟ್ರಿ ಬೇಕೇ ಬೇಕು. ನನಗೆ ಅರ್ಜಿ ತುಂಬಿಕೊಟ್ಟ ಏಜೆಂಟ್ ಪುಣ್ಯಾತ್ಮ ಸಿಂಗಲ್ ಅಂತ ಟಿಕ್ ಮಾಡಿದ್ದ, ವೀಸಾ ಬಂದ ಖುಷೀಲಿ ನಾನೂ ನೋಡ್ಲಿಲ್ಲ, ಹೊರಡೋಕೆ ಮೂರು ವಾರ ಇರುವಾಗ ಮಗಳು ನೋಡಿ ಕಿರುಚಿದ್ಲು. ಮತ್ತೆ ಅರ್ಜಿ, ಮತ್ತೆ ಬೆಂಗಳೂರು ಓಡಾಟ, ಜನಶತಾಬ್ದಿ ಟಿಟಿ ಪರಿಚಯ ಆಗೋಷ್ಟು. ಕೊನೇ ಗಳಿಗೇಲಿ ಬಂತು. ಅಷ್ಟು ದಿನ ನಿದ್ದೆ ಇಲ್ಲ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿಂದಲೇ ಅರ್ಜಿ ಹಾಕಬಹುದು, ಬೇಸಿಗೆ ರಶ್ ಶುರು ಆಗೋ ಮುಂಚೆ ಮುಗಿಸ್ಕೊಳ್ಳಿ.

ಓಸ್ಲೋಗೆ ಒಂದು ದಿನ ಮುಂಚೆನೇ ತಲುಪಿ. ಬೆಂಗಳೂರಿಂದ ನೇರ ವಿಮಾನ ಇಲ್ಲ, ದುಬೈ ದೋಹಾ ಕಡೆಯಿಂದ ಬದಲಿಸ್ಕೊಂಡು ಹೋಗೋದು, ಸೂಟ್‌ಕೇಸ್ ಹಿಂದೆ ಉಳಿದ್ರೆ ಹಡಗು ಕಾಯಲ್ಲ. ಮಾತ್ರೆ, ಒಂದು ಜೊತೆ ಥರ್ಮಲ್, ಕನ್ನಡಕ ಕೈಚೀಲದಲ್ಲೇ ಇರಲಿ.

ಶಿವಮೊಗ್ಗ ಸಿಸ್ಟರ್

ನಾನು ನರ್ಸ್, ಹಡಗು ಹತ್ತಿಲ್ಲ, ಆದ್ರೆ ಅಪ್ಪ ಅಮ್ಮನ್ನ ಕಳಿಸಿದೀನಿ. ಎರಡೇ ಮಾತು. ವಾಂತಿ ಮಾತ್ರೆ (ನಮ್ಮಲ್ಲಿ ಅವೋಮಿನ್ ಅಂತಾರಲ್ಲ ಅದು) ಹೊಟ್ಟೆ ತೊಳಸಕ್ಕೆ ಶುರು ಆದ್ಮೇಲೆ ತಗೊಂಡ್ರೆ ಪ್ರಯೋಜನ ಕಮ್ಮಿ, ಹಡಗು ತೆರೆದ ಸಮುದ್ರಕ್ಕೆ ಹೋಗೋ ಮುಂಚೆ ತಗೊಳ್ಬೇಕು. ನಿದ್ದೆ ಮಂಪರು ಬರುತ್ತೆ, ಬಿದ್ದು ಸೊಂಟ ಮುರ್ಕೊಂಡವರಿದಾರೆ, ಹಾಗಾಗಿ ಮನೇಲೇ ಒಂದ್ಸಲ ತಗೊಂಡು ನೋಡಿ, ಬಿಪಿ ಮಾತ್ರೆ ಜೊತೆ ಆಗುತ್ತಾ ಅಂತ ನಿಮ್ಮ ಡಾಕ್ಟ್ರನ್ನ ಕೇಳಿ.

ಇನ್ಶೂರೆನ್ಸಲ್ಲಿ ಬಿಪಿ ಮುಚ್ಚಿಡಬೇಡಿ ಅಮ್ಮಾ. ಪ್ರೀಮಿಯಂ ಕಮ್ಮಿ ಆಗ್ಲಿ ಅಂತ ಮುಚ್ಚಿಟ್ಟವರ ಕ್ಲೇಮ್ ತಿರಸ್ಕಾರ ಆಗೋದನ್ನ ದಿನಾ ನೋಡ್ತೀನಿ. ಷೆಂಗೆನ್ ವೀಸಾಕ್ಕೆ ಕೇಳೋ ಕನಿಷ್ಠ ಕವರ್ 30,000 ಯೂರೋ, ಆದ್ರೆ ಅದು ಸ್ವಾಲ್ಬಾರ್ಡ್‌ಗೆ ಸಾಕಾಗಲ್ಲ, ಲಾಂಗಿಯರ್‌ಬೀನಲ್ಲಿರೋದು ಚಿಕ್ಕ ಆಸ್ಪತ್ರೆ, ದೊಡ್ಡ ತೊಂದ್ರೆ ಆದ್ರೆ ಟ್ರೋಮ್ಸೋಗೆ ವಿಮಾನದಲ್ಲಿ ಸಾಗಿಸ್ತಾರೆ. ಹೆಲಿಕಾಪ್ಟರ್ ಎತ್ಕೊಂಡು ಹೋಗೋ ಖರ್ಚು ಸೇರಿದೆಯಾ, ಸ್ವಾಲ್ಬಾರ್ಡ್ ಹೆಸರು ಪಾಲಿಸೀಲಿ ಇದೆಯಾ, ಅದನ್ನ ಬರವಣಿಗೇಲಿ ತಗೊಳ್ಳಿ, ಫೋನಲ್ಲಿ "ಹಾಂ ಮೇಡಂ ಎಲ್ಲಾ ಕವರ್ ಆಗುತ್ತೆ" ಅಂದಿದ್ದು ನಂಬಬೇಡಿ.

ಕೊಪ್ಪದ ಪ್ಲಾಂಟರ್

ನಾನು ಉಲ್ಟಾ ಹೇಳ್ತೀನಿ, ಬೈಕೋಬೇಡಿ. ನಾವು ಹೋಗಿದ್ದು ಸಾವಿರಾರು ಜನರ ದೊಡ್ಡ ಹಡಗಲ್ಲಿ, ಕಮ್ಮಿ ದುಡ್ಡು ಅಂತ. ಲಾಂಗಿಯರ್‌ಬೀನಲ್ಲಿ ಇಳಿಸಿದ್ರು, ಜಾತ್ರೆ ತರ ಜನ, ಒಂದು ಮ್ಯೂಸಿಯಂ (ಚಪ್ಪಲಿ ಹೊರಗೆ ಬಿಡಬೇಕು, ಕಲ್ಲಿದ್ದಲು ಗಣಿ ಕಾಲದ ಪದ್ಧತಿಯಂತೆ, ಮನೇಗೆ ಬಂದಂಗೆ ಆಯ್ತು), ಪ್ರಪಂಚದ ಬೆಳೆಗಳ ಬೀಜ ಕಾಪಾಡಿ ಇಡೋ ಗುಹೆ ಬಾಗಿಲ ಹೊರಗೆ ಒಂದು ಫೋಟೋ, ಒಳಗೆ ಯಾರನ್ನೂ ಬಿಡಲ್ಲ, ಮುಗೀತು. ಉಳಿದ ದಿನ ಎಲ್ಲಾ ಬಫೆ ಮತ್ತೆ ಬಿಂಗೊ. ಈಗಂತೂ 200ಕ್ಕಿಂತ ಜಾಸ್ತಿ ಪ್ರಯಾಣಿಕರಿರೋ ಹಡಗನ್ನ ಅಲ್ಲಿಯ ಸಂರಕ್ಷಿತ ಪ್ರದೇಶಕ್ಕೆ ಬಿಡಲ್ಲ, ಸಂರಕ್ಷಿತ ಅಂದ್ರೆ ಆ ದ್ವೀಪಗಳ ಬಹುಪಾಲು. ಹಾಗಾಗಿ ಮಂಡಿ ಸರಿ ಇಲ್ಲ ಅಂತ ದೊಡ್ಡ ಹಡಗು ಹತ್ತಬೇಡಿ, ದುಡ್ಡು ದಂಡ. ಅದರ ಬದಲು ನಾರ್ವೆ ಕರಾವಳೀಲಿ ಊರೂರಿಗೆ ನಿಲ್ಲಿಸ್ಕೊಂಡು ಹೋಗೋ ಹಡಗು ಇದೆ, ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ, ಆರ್ಕ್‌ಟಿಕ್ ವೃತ್ತ ದಾಟುತ್ತೆ, ಲೊಫೊಟೆನ್ ದ್ವೀಪಗಳಿಗೂ ಹೋಗುತ್ತೆ, ಎಲ್ಲಾ ಕಡೆ ಜೆಟ್ಟಿ ಇದೆ, ದೋಣಿ ಸರ್ಕಸ್ ಇಲ್ಲ. ಮಧ್ಯರಾತ್ರಿ ಸೂರ್ಯ ಅಲ್ಲೂ ಸಿಗ್ತಾನೆ.

ಸಾಗರದ ಶಾರದಕ್ಕ

ಪ್ಲಾಂಟರ್ ಹೇಳಿದ್ದು ಸರಿ ಇದೆ, ಮಣೆ ಪರೀಕ್ಷೆ ಫೇಲ್ ಆದ್ರೆ ಆ ಕರಾವಳಿ ಹಡಗೇ ಒಳ್ಳೇದು. ಆದ್ರೆ ಪಾಸಾದ್ರೆ ಅದಕ್ಕೆ ಸಮಾಧಾನ ಪಟ್ಕೋಬೇಡಿ ಟೀಚರೇ. ನಾನು ನೋಡಿದ್ದರಲ್ಲಿ ಎರಡು ಹೇಳ್ತೀನಿ.

ಆಲ್ಕೆಫ್ಯೆಲೆಟ್ ಅಂತ ಒಂದು ಬಂಡೆ, ಸಮುದ್ರದಿಂದ ಸೀದಾ ಮೇಲಕ್ಕೆ ಗೋಡೆ ಎದ್ದಂಗೆ. ಅದರ ಸಂದೀಲೆಲ್ಲ ಗಿಲ್ಲಿಮಾಟ್ ಅನ್ನೋ ಕಪ್ಪು ಬಿಳಿ ಹಕ್ಕಿ, ಅರವತ್ತು ಸಾವಿರ ಜೋಡಿ ಅಂತ ಗೈಡ್ ಅಂದ. ಮಂಡಗದ್ದೇಲಿ ಮಳೆಗಾಲದಲ್ಲಿ ತುಂಗೆ ನಡುವಿನ ಮರದ ಮೇಲೆ ಬೆಳ್ಳಕ್ಕಿ ಕೂರ್ತಾವಲ್ಲ, ಆ ಗಲಾಟೆನ ಸಾವಿರ ಪಟ್ಟು ಮಾಡಿ, ವಾಸನೆನೂ ಅಷ್ಟೇ ಪಟ್ಟು ಮಾಡಿ. ದೋಣಿ ಬಂಡೆ ಬುಡಕ್ಕೆ ಹೋಗಿ ಮೋಟಾರ್ ಆಫ್ ಮಾಡಿದ್ರು. ಯಾರೂ ಮಾತಾಡ್ಲಿಲ್ಲ. ಟೋಪಿ ಮೇಲೆ ಹಕ್ಕಿ ಹಿಕ್ಕೆ ಬಿತ್ತು, ಅದನ್ನೂ ಒರೆಸ್ಲಿಲ್ಲ.

ಇನ್ನೊಂದು ನಿ-ಓಲೆಸುಂಡ್ ಅನ್ನೋ ಊರು. ಅಲ್ಲಿ ನಮ್ಮ ದೇಶದ ಸಂಶೋಧನಾ ಕೇಂದ್ರ ಇದೆ, ಹಿಮಾದ್ರಿ ಅಂತ, 2008ರಲ್ಲಿ ಶುರುವಾಗಿದ್ದು. ಒಳಗೆ ಬಿಡಲ್ಲ, ಹೊರಗಿಂದ ಬೋರ್ಡ್ ನೋಡಿದೆ, ಯಾಕೋ ಗಂಟಲು ಕಟ್ತು. ನಾನು ಹೋದಾಗ ಚೀನಾದವರ ಕೇಂದ್ರದ ಬಾಗಿಲಲ್ಲಿ ಎರಡು ಕಲ್ಲಿನ ಸಿಂಹ ಕೂರಿಸಿದ್ರು. 1926ರಲ್ಲಿ ನಾರ್ವೆಯ ಅನ್ವೇಷಕ ಅಮುಂಡ್ಸೆನ್ ಆಕಾಶನೌಕೆಲಿ (ಅನಿಲ ತುಂಬಿದ ಏರ್‌ಶಿಪ್) ಉತ್ತರ ಧ್ರುವದ ಮೇಲೆ ಹಾದುಹೋದನಲ್ಲ, ಅದನ್ನ ಕಟ್ಟಿಹಾಕಿದ್ದ ಕಬ್ಬಿಣದ ಕಂಬ ಇನ್ನೂ ನಿಂತಿದೆ. ಆ ಊರಲ್ಲಿ ವೈಫೈ ಬ್ಲೂಟೂತ್ ಎಲ್ಲಾ ಆಫ್ ಮಾಡಿಸ್ತಾರೆ, ಅಲ್ಲಿಯ ರೇಡಿಯೋ ದೂರದರ್ಶಕಕ್ಕೆ ತೊಂದರೆ ಆಗುತ್ತೆ ಅಂತ. ಕಿವಿ ಮಿಷನ್ ಇಟ್ಕೊಂಡವರು ಮೊದ್ಲೇ ಹೇಳ್ಬೇಕು, ಅದರಲ್ಲೂ ಬ್ಲೂಟೂತ್ ಇರುತ್ತಂತೆ.

ಒಂಟಿತನದ ಬಗ್ಗೆ ಕೇಳಿದ್ರಿ. ಹಗಲು ಪುರುಸೊತ್ತೇ ಇಲ್ಲ. ಊಟಕ್ಕೆ ಇಬ್ಬರು ಕೂರೋ ಮೇಜಿಗೆ ಹೋಗ್ಬೇಡಿ, ಎಂಟು ಜನರ ಮೇಜಿಗೆ ಹೋಗಿ ಕೂತ್ಬಿಡಿ, ನಿಮ್ಮ ಇಂಗ್ಲಿಷ್ ಮೇಷ್ಟ್ರ ಇಂಗ್ಲಿಷೇ ಆದ್ರೂ ಸಾಕು. ನನ್ನಂಗೆ ಒಬ್ಬೊಬ್ಬರೇ ಬಂದ ಅಜ್ಜಿಯರು ಐದು ಜನ ಇದ್ರು. ಕಷ್ಟ ಆಗಿದ್ದು ರಾತ್ರಿ, ಅದೂ ರಾತ್ರಿ ಅನ್ನೋದೇ ಇಲ್ದೆ. ಲಾಂಗಿಯರ್‌ಬೀನಲ್ಲಿ ಏಪ್ರಿಲ್ 20ರ ಹೊತ್ತಿಂದ ಆಗಸ್ಟ್ 23ರವರೆಗೆ ಸೂರ್ಯ ಮುಳುಗಲ್ಲ. ದೀಪ ಹಚ್ಚೋ ಹೊತ್ತೇ ಬರಲ್ಲ, ಹನ್ನೊಂದು ಗಂಟೆಗೆ ಕಿಟಕೀಲಿ ಬಿಸಿಲು. ಇವರು ಇದ್ದಿದ್ರೆ ಅಂತ ಆಗ ಅನ್ಸುತ್ತೆ, ಅದು ಇಲ್ಲೂ ಅನ್ಸುತ್ತಲ್ಲ. ಕಣ್ಣಿಗೆ ಪಟ್ಟಿ ತಗೊಂಡು ಹೋಗಿ, ರಾತ್ರಿ ಮಾತ್ರೆಗೆ ಮೊಬೈಲಲ್ಲಿ ಅಲಾರಂ ಇಡಿ, ನಾನು ಎರಡು ದಿನ ಮರೆತೆ.

ಊಟ ತೊಂದ್ರೆ ಇಲ್ಲ, ಬುಕ್ ಮಾಡುವಾಗಲೇ ಮೊಟ್ಟೆ ಮೀನೂ ಬೇಡ ಅಂತ ಬರೆದುಕೊಡಿ, ಬರೀ ವೆಜಿಟೇರಿಯನ್ ಅಂದ್ರೆ ಮೀನು ಹಾಕ್ತಾರೆ ಕೆಲವರು. ಬೇಳೆ ಸೂಪು, ಬ್ರೆಡ್ಡು, ಆಲೂಗಡ್ಡೆ. ನಾಕನೇ ದಿನ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿ ತೆಗ್ದೆ, ಇಡೀ ಮೇಜಿಗೆ ಖಾಲಿ. ಹಾಲು ತುಪ್ಪದ ಸಾಮಾನು ಒಯ್ಯಬೇಡಿ, ನಾರ್ವೆ ಒಳಗೆ ಬಿಡಲ್ಲ.

ತೀರ್ಥಹಳ್ಳಿ ಟೀಚರ್

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಮಣೆ ಪರೀಕ್ಷೆ ಮಾಡ್ದೆ, ಮೊದಲ ಸಲ ಗೋಡೆ ಹಿಡಿದೆ, ಎರಡನೇ ಸಲ ಎದ್ದೆ. ಒಂದು ಉಳೀತು, ದುಡ್ಡು. ಒಬ್ಬರಿಗೆ ರೂಮು ಅಂದ್ರೆ ಒಂದೂವರೆ ಪಟ್ಟು ಕೇಳ್ತಿದಾರೆ.

ಸಾಗರದ ಶಾರದಕ್ಕ

ಹೌದು, ಅದೊಂದು ಅನ್ಯಾಯ. ಕೆಲವು ಕಡೆ ಎರಡು ಪಟ್ಟೂ ಇದೆ. ಬೇರೆ ಹೆಂಗಸಿನ ಜೊತೆ ಕ್ಯಾಬಿನ್ ಹಂಚ್ಕೊಳ್ತೀನಿ ಅಂದ್ರೆ ಆ ಹೆಚ್ಚಿನದು ಬಿಡ್ತಾರೆ, ನಾನು ಹಾಗೇ ಮಾಡಿದ್ದು, ಆ ಜರ್ಮನ್ ಅಜ್ಜಿ ಸಿಕ್ಕಿದ್ದು ಅಲ್ಲೇ. ಗೊರಕೆ ಹೊಡೀತಾಳೆ, ಇಯರ್‌ಪ್ಲಗ್ ಒಯ್ಯಿರಿ. ಎಲ್ಲಾ ಸೇರಿ ನಂಗೆ ಹತ್ತು ಲಕ್ಷದ ಹತ್ರ ಆಯ್ತು, ಎರಡು ವರ್ಷದ ಅಡಿಕೆ ದುಡ್ಡು. ಪ್ಯಾಕೇಜ್ ಇಲ್ಲಿಂದ ತಗೊಂಡ್ರೆ ಟಿಸಿಎಸ್ ಅಂತ ತೆರಿಗೆ ಹಿಡೀತಾರೆ, ರಿಟರ್ನ್ ಹಾಕುವಾಗ ಲೆಕ್ಕಕ್ಕೆ ತಗೊಳ್ಳಿ, ಮರೀಬೇಡಿ.

ತೀರ್ಥಹಳ್ಳಿ ಟೀಚರ್

ಮಗ ಇದನ್ನೆಲ್ಲ ಕೂತು ಓದಿದ. ಏನೂ ಅನ್ಲಿಲ್ಲ, ಆಮೇಲೆ ಡಬಲ್ ಎಂಟ್ರಿ ಫಾರಂ ಎಲ್ಲಿ ಸಿಗುತ್ತೆ ಅಂತ ಕೇಳ್ದ. ಶಾರದಕ್ಕ, ಹಡಗಿನವರು ಬೂಟಿನ ಸೈಜ್ ಕೇಳ್ತಿದಾರೆ, ನಂದು ಚಪ್ಪಲಿ 5. ಅವರ ಲೆಕ್ಕದಲ್ಲಿ ಎಷ್ಟು ಬರೀಲಿ?

ಸಾಗರದ ಶಾರದಕ್ಕ

5 ಅಂದ್ರೆ ಅವರ 38. ಎರಡು ಜೊತೆ ಉಣ್ಣೆ ಕಾಲುಚೀಲ ಹಾಕ್ತೀರಲ್ಲ, 39 ಬರೀರಿ.