ಟ್ರಿಪ್ ಜನರೇಶನ್ ಕಡಿಮೆ ಬರ್ತಾ ಇದೆ, ಎಲ್ಲಿ ತಪ್ಪಿದೆ ಗೊತ್ತಾಗ್ತಿಲ್ಲ (ಶಿರಸಿ ಮಾಡೆಲ್)

ಬನವಾಸಿ_ರೋಡ್:
ಮೂರು ದಿನ ಆಯ್ತು, ಇದೊಂದು ಲೆಕ್ಕ ತಾಳೆ ಆಗ್ತಾ ಇಲ್ಲ. ಪಿಜಿ ಪ್ರಾಜೆಕ್ಟಿಗೆ ಶಿರಸಿ ಪೇಟೆಯ ನಾಲ್ಕು ಹಂತದ ಟ್ರಾಫಿಕ್ ಮಾಡೆಲ್ ಮಾಡ್ತಿದ್ದೇನೆ, ಈಗ ಮೊದಲ ಹಂತ ಟ್ರಿಪ್ ಜನರೇಶನ್ನಲ್ಲಿದ್ದೇನೆ, ಅಂದ್ರೆ ಎಲ್ಲಿಂದ ದಿನಕ್ಕೆ ಎಷ್ಟು ಓಡಾಟ ಹುಟ್ತದೆ ಅನ್ನೋ ಲೆಕ್ಕ. ಮನೆಮನೆ ಸರ್ವೆ ಮಾಡಿ, ಆ ಡೇಟಾಗೆ ಗೆರೆ ಹೊಂದಿಸಿ (ರಿಗ್ರೆಶನ್) ಬಂದ ಇಕ್ವೇಶನ್ನನ್ನ ಎಲ್ಲಾ ಜೋನಿಗೂ (ಊರಿನ ಒಂದೊಂದು ಭಾಗಕ್ಕೂ) ಓಡಿಸ್ದೆ. ಸರ್ವೇಲಿ ಮನೆಗೆ ದಿನಕ್ಕೆ 4.1 ಟ್ರಿಪ್ ಇದೆ, ಸಾಫ್ಟ್‌ವೇರ್ ಕೊಡೋದು 3.2. ಡೇಟಾ ನಾಲ್ಕು ಸಲ ನೋಡಿದ್ದೇನೆ, ಸರಿ ಇದೆ. ಆರ್ ಸ್ಕ್ವೇರೂ (ಇಕ್ವೇಶನ್ ಡೇಟಾಗೆ ಎಷ್ಟು ಹೊಂದ್ತದೆ ಅನ್ನೋ ಅಳತೆ) ಚೆನ್ನಾಗೇ ಬಂದಿದೆ. ಸೋಮವಾರ ಗೈಡಿಗೆ ತೋರಿಸ್ಬೇಕು, ಯಾರಾದ್ರೂ ಹೇಳಿ ದಯವಿಟ್ಟು.

ಕಾಳಿನದಿ_ಕಾರವಾರ:
ಯಾವ ಸಾಫ್ಟ್‌ವೇರ್ ಅಂತಾನೇ ಹೇಳಿಲ್ವಲ್ಲ ಮಾರಾಯ್ರೆ. ಏನೇ ಇರ್ಲಿ, ಇದು ಬ್ಯಾಲೆನ್ಸಿಂಗ್ ಸಮಸ್ಯೆ. ಪ್ರೊಡಕ್ಷನ್ನೂ (ಮನೆಗಳಿಂದ ಹುಟ್ಟೋ ಟ್ರಿಪ್) ಅಟ್ರಾಕ್ಷನ್ನೂ (ಅಂಗಡಿ, ಆಫೀಸು ಸೆಳೆಯೋ ಟ್ರಿಪ್) ಬೇರೆಬೇರೆ ಇಕ್ವೇಶನ್ನಿಂದ ಬರೋದ್ರಿಂದ ಒಟ್ಟು ಮೊತ್ತ ಯಾವತ್ತೂ ಹೊಂದೋದಿಲ್ಲ, ಎರಡನ್ನೂ ಸಮ ಮಾಡೋವಾಗ ನೀವು ಅಟ್ರಾಕ್ಷನ್ ಹೋಲ್ಡ್ ಮಾಡಿರ್ತೀರಿ, ಅಂದ್ರೆ ಬದಲಾಗದಂತೆ ಇಟ್ಟಿರ್ತೀರಿ, ಅದು ಪ್ರೊಡಕ್ಷನ್ನನ್ನ ಕೆಳಗೆ ಎಳೆದಿರ್ತದೆ. ಮನೆಯಿಂದ ಹೊರಡೋ ಟ್ರಿಪ್ಪಿಗೆ ಪ್ರೊಡಕ್ಷನ್ನೇ ಹೋಲ್ಡ್ ಮಾಡ್ಬೇಕು, ಯಾಕಂದ್ರೆ ಮನೆ ಲೆಕ್ಕ ನಂಬಬಹುದು, ಅಂಗಡಿ ಆಫೀಸಿನ ಲೆಕ್ಕ ಅಷ್ಟು ನಂಬೋಕಾಗಲ್ಲ.

ಬನವಾಸಿ_ರೋಡ್:
ಟ್ರಾನ್ಸ್‌ಕ್ಯಾಡ್, ಲ್ಯಾಬಿಂದು. ಬ್ಯಾಲೆನ್ಸ್ ಇನ್ನೂ ಮಾಡೇ ಇಲ್ಲ ಸರ್.

ಕಾಳಿನದಿ_ಕಾರವಾರ:
ಮಾಡಿರ್ತೀರಿ, ನೋಡಿ ಇನ್ನೊಂದ್ಸಲ. ನಾನು ಕಾರವಾರದ್ದು ಮಾಡ್ದಾಗ್ಲೂ ಹೀಗೇ ಆಗಿತ್ತು.

ಅಡಿಕೆ_ಜಿಐಎಸ್:
ಬ್ಯಾಲೆನ್ಸ್ ಮಾಡಿಲ್ಲ ಅಂತ ಹೇಳ್ತಾ ಇದಾರಲ್ಲ. ನಂಗೆ ಎರಡು ಟೇಬಲ್ ಜೋಡಿಸೋ ಜಾಯಿನ್ ಮೇಲೇ ಅನುಮಾನ. ಜೋನ್ ಐಡಿ ಒಂದ್ಕಡೆ ಟೆಕ್ಸ್ಟು ಇನ್ನೊಂದ್ಕಡೆ ನಂಬರು ಇದ್ರೆ ಕೆಲವು ಜೋನಿಗೆ ಜನಸಂಖ್ಯೆ ಸೇರೋದೇ ಇಲ್ಲ, ಖಾಲಿ ಹೋಗ್ತದೆ. ಸೊನ್ನೆ ಬಂದ ಜೋನ್ ಇದ್ಯಾ?

ಬನವಾಸಿ_ರೋಡ್:
ಇಲ್ಲ. ಎಲ್ಲಾ ಜೋನಿಗೂ ಬಂದಿದೆ, ಎಲ್ಲದ್ರಲ್ಲೂ ಕಡಿಮೆ. ಬಿಡ್ಕಿಬೈಲು ಕಡೆ ಸ್ವಲ್ಪ, ಬನವಾಸಿ ರೋಡ್ ಕಡೆ ಜಾಸ್ತಿ, ಶೇಕಡಾ ಲೆಕ್ಕದಲ್ಲಿ ಒಂದೊಂದು ಕಡೆ ಒಂದೊಂದು ಥರ.

ದೇವಿಮನೆ_ಘಾಟ್:
ಸರ್ವೆ ಯಾವಾಗ ಮಾಡಿದ್ರಿ? ಮಾರಿಕಾಂಬಾ ಜಾತ್ರೆ ಇರೋ ವರ್ಷ ಆಗಿದ್ರೆ ಮುಗೀತು. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಆ ದಿನಗಳಲ್ಲಿ ಮನೆಯವ್ರೆಲ್ಲ ದಿನಕ್ಕೆ ಎರಡೆರಡು ಸಲ ಗದ್ದುಗೆ ಕಡೆ ಹೋಗಿ ಬರ್ತಾರೆ, ನೆಂಟ್ರೂ ಇರ್ತಾರೆ. 4.1 ಅನ್ನೋದೇ ಜಾತ್ರೆಯ ಅಂಕಿ, 3.2 ಸರಿ ಇರ್ಬೇಕು.

ಬನವಾಸಿ_ರೋಡ್:
ಜಾತ್ರೆ ಮುಗ್ದು ಎಷ್ಟೋ ತಿಂಗಳಾದ್ಮೇಲೆ, ಮಳೆ ಬಿಟ್ಮೇಲೆ ಮಾಡಿದ್ದು.

ದೇವಿಮನೆ_ಘಾಟ್:
ಹಾಗಾದ್ರೆ ಅಡಿಕೆ ಕೊಯ್ಲು. ಕೊಯ್ಲಿನ ಟೈಮಲ್ಲಿ ಓಡಾಟನೇ ಬೇರೆ.

ಕಾಳಿನದಿ_ಕಾರವಾರ:
ನೆಟ್‌ವರ್ಕೂ ನೋಡಿ. 2024ರ ಆಗಸ್ಟ್ 7ಕ್ಕೆ ಕಾಳಿ ನದಿಯ ಹಳೇ ಸೇತುವೆ ಬಿದ್ದಾಗ ನಾನು ಕೋಡಿಬಾಗ ಸದಾಶಿವಗಡ ಮಧ್ಯದ ಲಿಂಕ್ ತೆಗೆದು ಎಲ್ಲಾ ಮತ್ತೆ ಓಡಿಸ್ಬೇಕಾಯ್ತು. ನಂದು ಮೂವತ್ತೆರಡು ಜಿಬಿ ರ‍್ಯಾಮ್ ಇರೋ ಮಷೀನು, ಆದ್ರೂ ಒಂದು ರಾತ್ರಿ ಹಿಡೀತು.

ಅಡಿಕೆ_ಜಿಐಎಸ್:
ಸೇತುವೆ ಬಿದ್ರೆ ಡಿಸ್ಟ್ರಿಬ್ಯೂಶನ್ನು (ಟ್ರಿಪ್ ಎಲ್ಲಿಂದ ಎಲ್ಲಿಗೆ) ಅಸೈನ್‌ಮೆಂಟು (ಯಾವ ರಸ್ತೇಲಿ) ಬದಲಾಗ್ತದೆ ಅಣ್ಣಾ, ಟ್ರಿಪ್ ಜನರೇಶನ್ನಿಗೆ ರಸ್ತೆ ಕಾಣೋದೇ ಇಲ್ಲ. ಅದು ನೋಡೋದು ಮನೆ, ಜನ, ವಾಹನ ಅಷ್ಟೇ.

ಕಾಳಿನದಿ_ಕಾರವಾರ:
ಅದು ನಾಲ್ಕು ಹಂತದ ಮಾಡೆಲ್ಲಿನ ದೋಷ. ರಸ್ತೆ ಕೆಟ್ರೆ ಜನ ಹೊರಡೋದೇ ಕಡಿಮೆ ಮಾಡ್ತಾರೆ, ಕಾರವಾರಕ್ಕೆ ಬಂದು ನೋಡಿ.

ಅಡಿಕೆ_ಜಿಐಎಸ್:
ಒಪ್ಪಿದೆ, ಆದ್ರೆ ಇವ್ರ ಸಮಸ್ಯೆ ಅದಲ್ಲ.

ಸಾತೊಡ್ಡಿ:
ತಮಾ, ಇಕ್ವೇಶನ್ ಹಾಕು ಮೊದ್ಲು. ಅದಿಲ್ದೆ ಎಲ್ಲರೂ ಕತ್ತಲಲ್ಲಿ ಹುಡುಕ್ತಾ ಇದಾರೆ. ಒಂದು ಜೋನಿನ ಅಂಕಿನೂ ಕೊಡು.

ಬನವಾಸಿ_ರೋಡ್:
ಟ್ರಿಪ್ = 0.9 + 0.6 × ಜನ + 1.1 × ವಾಹನ. ಒಂದು ಜೋನಲ್ಲಿ 400 ಮನೆ, 1600 ಜನ, 300 ವಾಹನ. ಬಂದದ್ದು 1290.9.

ಸಾತೊಡ್ಡಿ:
ಸಿಕ್ತು. ಈ ಇಕ್ವೇಶನ್ ತೆಗ್ದಿದ್ದು ಒಂದೊಂದು ಮನೆಯನ್ನ ಒಂದೊಂದು ಸಾಲಾಗಿ ಇಟ್ಟು, ಅಲ್ದಾ? ಅಂದ್ಮೇಲೆ 0.9 ಅನ್ನೋದು ಒಂದು ಮನೆಗೆ. ನೀನು ಜೋನಿನ ಒಟ್ಟು ಜನ, ಒಟ್ಟು ವಾಹನ ಹಾಕಿದೆ, ಅವೆರಡೂ ಸರಿಯಾಗಿ ಗುಣಾಕಾರ ಆದ್ವು, ಆದ್ರೆ 0.9 ಮಾತ್ರ 400 ಮನೆಗೂ ಸೇರಿ ಒಂದೇ ಸಲ ಬಿತ್ತು. ಅದು 0.9 × 400 = 360 ಆಗ್ಬೇಕು. 360 + 960 + 330 = 1650. ಮನೆಗೆ 4.125.

ಇನ್ನೊಂದು ಗುರುತು ನೋಡು. 4.1ರಲ್ಲಿ 3.2 ಕಳೆದ್ರೆ 0.9, ನಿನ್ನ ಕಾನ್‌ಸ್ಟಂಟೇ ಅದು. ಪ್ರತಿ ಜೋನಲ್ಲೂ ಮನೆಗೆ ಹೆಚ್ಚುಕಡಿಮೆ ಅಷ್ಟೇ ಬಿಟ್ಟುಹೋಗಿದೆ, ಸಣ್ಣ ಸಂಸಾರ ವಾಹನ ಕಡಿಮೆ ಇರೋ ಕಡೆ ಶೇಕಡಾ ಲೆಕ್ಕದಲ್ಲಿ ದೊಡ್ಡದಾಗಿ ಕಾಣ್ತದೆ ಅಷ್ಟೇ. ಜಾತ್ರೆಯ ಮಾತಿಗೂ ಉತ್ತರ ಇಲ್ಲೇ ಇದೆ. ರಿಗ್ರೆಶನ್ ಗೆರೆ ಯಾವತ್ತೂ ಸರಾಸರಿ ಬಿಂದುವಿನ ಮೇಲೇ ಹೋಗ್ತದೆ, ಸರ್ವೆಯಲ್ಲಿ ಎಂತ ಹೆಚ್ಚುಕಮ್ಮಿ ಇದ್ರೂ ಅದೇ ಇಕ್ವೇಶನ್ನಿಗೆ ಸರ್ವೆಯ ಸರಾಸರಿ ಹಾಕಿದ್ರೆ ಸರ್ವೆಯ ಟ್ರಿಪ್ಪೇ ವಾಪಸ್ ಬರ್ಬೇಕು. ಬರ್ಲಿಲ್ಲ ಅಂದ್ರೆ ತಪ್ಪು ಹಾಕೋ ರೀತೀಲಿ.

ಬನವಾಸಿ_ರೋಡ್:
ಮನೆ ಸಂಖ್ಯೆಯ ಫೀಲ್ಡ್ ಟೇಬಲ್ಲಲ್ಲೇ ಇತ್ತು, ಅದನ್ನ 0.9ಕ್ಕೆ ಗುಣಿಸಿ ಓಡಿಸ್ದೆ, ಊರಿಗೆಲ್ಲ 4.1 ಬಂತು. ತುಂಬಾ ಉಪಕಾರ ಅಣ್ಣಾ. ಈಗ ಅಟ್ರಾಕ್ಷನ್ ಜೊತೆ ಬ್ಯಾಲೆನ್ಸ್ ಮಾಡಿದ್ರೆ ಅಟ್ರಾಕ್ಷನ್ನೇ ಜಾಸ್ತಿ, ಬಸ್ ಸ್ಟ್ಯಾಂಡು, ಅಡಿಕೆ ಮಾರ್ಕೆಟ್ ಜೋನಲ್ಲಿ ತುಂಬಾ.

ಕಾಳಿನದಿ_ಕಾರವಾರ:
ನಾನು ಮೊದ್ಲೇ ಹೇಳಿದ್ದೆ. ಪ್ರೊಡಕ್ಷನ್ ಹೋಲ್ಡ್ ಮಾಡಿ.

ಸಾತೊಡ್ಡಿ:
ಈಗ್ಲೇ ಬೇಡ. ಶಿರಸಿ ಪೇಟೆಗೆ ಸಿದ್ದಾಪುರ, ಯಲ್ಲಾಪುರ, ಬನವಾಸಿ ಕಡೆಯಿಂದ ಬೆಳಗ್ಗೆ ಬಸ್ಸಿಗೆ ಬರೋ ಜನ ಎಷ್ಟಿದಾರೆ, ಅವ್ರ ಮನೆ ನಿನ್ನ ಜೋನಲ್ಲಿ ಇಲ್ಲ. ಅವ್ರನ್ನ ಬಿಟ್ಟು ಬ್ಯಾಲೆನ್ಸ್ ಮಾಡಿದ್ರೆ ಊರವ್ರ ಅಷ್ಟೇ ಟ್ರಿಪ್ಪಲ್ಲಿ ಇಡೀ ಪೇಟೆ ತುಂಬಿಸ್ದಂಗೆ, ಮಾರ್ಕೆಟ್ಟು ಅರೆಖಾಲಿ ತೋರಿಸ್ತದೆ. ಹುಬ್ಬಳ್ಳಿ ರೋಡು, ಕುಮಟಾ ರೋಡು ಎಲ್ಲದಕ್ಕೂ ಹೊರಗಿನ ಜೋನ್ ಇಟ್ಟು ಊರ ಬಾಗಿಲಲ್ಲಿ ಕಾರ್ಡನ್ ಕೌಂಟ್ (ಊರಿನ ಗಡಿ ದಾಟೋದನ್ನ ಎಣಿಸೋದು) ಮಾಡಿ, ಹೊರಗಿಂದ ಬರೋದನ್ನ ಅಟ್ರಾಕ್ಷನ್ನಿಂದ ಕಳೆದು, ಆಮೇಲೆ ಹೋಲ್ಡ್ ಮಾಡು.

ದೇವಿಮನೆ_ಘಾಟ್:
ಕೌಂಟ್ ಯಾಕೆ, ಐಟಿಇ ಮ್ಯಾನುಯಲ್ಲಿನ (ಟ್ರಿಪ್ ರೇಟುಗಳ ಕೈಪಿಡಿ) ರೇಟ್ ಹಾಕಿದ್ರಾಯ್ತು.

ಅಡಿಕೆ_ಜಿಐಎಸ್:
ಅದು ಹೆಚ್ಚಾಗಿ ಅಮೆರಿಕದ ಊರಾಚೆ ಕಟ್ಟಡಗಳ ಎದುರು ಎಣಿಸಿದ ವಾಹನದ ಲೆಕ್ಕ. ನಮ್ಮ ಬಸ್ ಸ್ಟ್ಯಾಂಡಿನ ನಡೆದು ಬರೋರನ್ನ ಅದ್ರಲ್ಲಿ ಎಲ್ಲಿ ಹುಡುಕ್ತೀರಿ?

ಬನವಾಸಿ_ರೋಡ್:
ಕಾರ್ಡನ್ ಕೌಂಟಿಗೆ ಜನ ಇಲ್ಲ ಅಣ್ಣಾ, ನಾವು ಇಬ್ರೇ ಇರೋದು. ಯಲ್ಲಾಪುರ ನಾಕಾ ಒಂದೇ ಕಡೆ ಬೆಳಗ್ಗೆ ಎಂಟರಿಂದ ಹತ್ತು ನಿಂತ್ರೆ ಸಾಕಾ?