ಬೆಳಕಿನ ಜಾಲದ ನಡುವೆ ಎಲೆಕ್ಟ್ರಾನಿಕ್ ಸ್ವಿಚ್ ಏಕೆ ಉಳಿದಿದೆ?

ಪ್ರಶ್ನೆ:
ಎಂ.ಟೆಕ್ ಸೆಮಿನಾರಿಗೆ ಈ ವಿಷಯ ಓದುತ್ತಿದ್ದೇನೆ. ಫೈಬರಿನಲ್ಲಿ ಬೆಳಕಾಗಿ ಬಂದ ದತ್ತಾಂಶವನ್ನು ರೂಟರ್ ವಿದ್ಯುತ್ ಸಂಕೇತವಾಗಿ ಬದಲಿಸಿ, ವಿಳಾಸ ಓದಿ, ಲೇಸರಿನ ಮೂಲಕ ಮತ್ತೆ ಬೆಳಕಾಗಿಸಿ ಕಳುಹಿಸುತ್ತದೆ. ಪ್ರತಿ ನಿಲುಗಡೆಯಲ್ಲೂ ಈ ಪರಿವರ್ತನೆಗೆ ಹಣವೂ ವಿದ್ಯುತ್ತೂ ಖರ್ಚಾಗುವಾಗ, ಬೆಳಕನ್ನು ಬೆಳಕಾಗಿಯೇ ತಿರುಗಿಸುವ ಸ್ವಿಚ್‌ಗಳು ಎಲ್ಲೆಡೆ ಏಕೆ ಬಂದಿಲ್ಲ?

ಉತ್ತರ 1:
ತೊಡಕು ಇರುವುದು ಕಾಯಿಸುವುದರಲ್ಲಿ. ಒಂದೇ ಪೋರ್ಟಿಗೆ (ಹೊರದಾರಿಗೆ) ಹೋಗಬೇಕಾದ ಎರಡು ಪ್ಯಾಕೆಟ್‌ಗಳು, ಅಂದರೆ ವಿಳಾಸ ಹೊತ್ತ ದತ್ತಾಂಶದ ತುಣುಕುಗಳು, ಒಟ್ಟಿಗೆ ಬಂದರೆ ಎಲೆಕ್ಟ್ರಾನಿಕ್ ಸ್ವಿಚ್ ಒಂದನ್ನು ಮೆಮೊರಿಯಲ್ಲಿ ಇರಿಸಿಕೊಳ್ಳುತ್ತದೆ. ಬೆಳಕನ್ನು ಹಾಗೆ ಇರಿಸಿಕೊಂಡು ಬೇಕೆಂದಾಗ ಬಿಡುವ ಮೆಮೊರಿ ಜಾಲಗಳಲ್ಲಿ ಬಳಕೆಗೆ ಬಂದಿಲ್ಲ. ಫೈಬರ್ ಸುರುಳಿಯಲ್ಲಿ ಸುತ್ತಾಡಿಸಬಹುದು, ನಿಜ. ಆದರೆ ಫೈಬರಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಆಗಿರುವುದರಿಂದ, ಒಂದೇ ಒಂದು ಮಿಲಿಸೆಕೆಂಡು ಕಾಯಿಸಲು 200 ಕಿ.ಮೀ. ಉದ್ದದ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಚಿತ್ರದುರ್ಗ ಮುಟ್ಟುವಷ್ಟು, ಸುರುಳಿ ಬೇಕು. ಅದರೊಳಗೆ ಹೊಕ್ಕ ಪ್ಯಾಕೆಟ್ಟನ್ನು ನಡುವೆ ಹೊರತೆಗೆಯಲೂ ಆಗದು.

ಉತ್ತರ 2:
ಮೇಲಿನ ಉತ್ತರ ಪ್ಯಾಕೆಟ್ ಸ್ವಿಚಿಂಗಿಗೆ ಮಾತ್ರ ಅನ್ವಯಿಸುತ್ತದೆ. ಇಡೀ ತರಂಗಾಂತರವನ್ನೇ (ಒಂದು ಬಣ್ಣದ ಬೆಳಕನ್ನು, ಅದು ಹೊತ್ತ ಎಲ್ಲ ದತ್ತಾಂಶದೊಡನೆ) ಒಂದು ಫೈಬರಿನಿಂದ ಇನ್ನೊಂದಕ್ಕೆ ತಿರುಗಿಸುವ ರೋಡಮ್ (ROADM) ಸಾಧನಗಳು ದೂರದ ಜಾಲಗಳಲ್ಲಿ ಸಾಮಾನ್ಯವಾಗಿವೆ. ಗೂಗಲ್ ತನ್ನ ದತ್ತಾಂಶ ಕೇಂದ್ರಗಳ ಜಾಲದ ಮೇಲಿನ ಸ್ತರದಲ್ಲಿ ಸೂಕ್ಷ್ಮ ಕನ್ನಡಿಗಳ ಸ್ವಿಚ್‌ಗಳನ್ನು ಬಳಸುತ್ತಿರುವುದಾಗಿ 2022ರಲ್ಲಿ ವಿವರಿಸಿತು. ಕನ್ನಡಿಗೆ ಬಿಟ್ ದರದ ಗೊಡವೆಯಿಲ್ಲ. ಕೊಂಡಿಯ ವೇಗ 100ರಿಂದ 400 ಗಿಗಾಬಿಟ್ಟಿಗೆ ಏರಿದರೂ ಅದೇ ಕನ್ನಡಿ ನಡೆಯುತ್ತದೆ. ಆದರೆ ಅದು ಹೊರಳಲು ಮಿಲಿಸೆಕೆಂಡುಗಳು ಬೇಕು. ಹತ್ತು ಮಿಲಿಸೆಕೆಂಡಿನಲ್ಲಿ 100 ಗಿಗಾಬಿಟ್ ಕೊಂಡಿಯ ಮೇಲೆ 1,500 ಬೈಟಿನ ಸುಮಾರು 83 ಸಾವಿರ ಪ್ಯಾಕೆಟ್‌ಗಳು ಹಾದುಹೋಗಿರುತ್ತವೆ! ಆದ್ದರಿಂದ ಗಂಟೆ, ದಿನಗಟ್ಟಲೆ ಉಳಿಯುವ ದಾರಿಗಳಿಗೆ ಕನ್ನಡಿ, ಪ್ಯಾಕೆಟ್ಟಿಗೊಂದು ನಿರ್ಧಾರಕ್ಕೆ ಚಿಪ್ ಎಂಬುದು ನನ್ನ ನಿಲುವು.

ಉತ್ತರ 3:
ಕನ್ನಡಿಗೆ ಬಿಟ್ ದರದ ಗೊಡವೆಯಿಲ್ಲದಿರುವುದಕ್ಕೂ ಬೆಲೆಯಿದೆ, ಸರ್. ಎಲೆಕ್ಟ್ರಾನಿಕ್ ಪರಿವರ್ತನೆಯಲ್ಲಿ ಮಸುಕಾದ ಬಿಟ್‌ಗಳು ಹೊಸದಾಗಿ ರೂಪುಗೊಳ್ಳುತ್ತವೆ. ಬೆಳಕಿನ ದಾರಿಯಲ್ಲಾದರೋ ಆಂಪ್ಲಿಫೈಯರ್ ಸಂಕೇತದೊಡನೆ ಗದ್ದಲವನ್ನೂ (ನಾಯ್ಸ್, ಅಂದರೆ ಸಂಕೇತವನ್ನು ಮಸುಕುಗೊಳಿಸುವ ಬೇಡದ ಏರಿಳಿತ) ಹಿಗ್ಗಿಸುತ್ತ, ತನ್ನದನ್ನೂ ಸೇರಿಸುತ್ತ ಹೋಗುತ್ತದೆ. ದೂರ ಹೆಚ್ಚಿದಂತೆ ಎಲ್ಲಾದರೊಂದೆಡೆ ವಿದ್ಯುತ್ತಿಗೆ ಇಳಿಯಲೇಬೇಕಾಗುತ್ತದೆ.

ಇನ್ನು, ಮನೆಯ ಫೈಬರ್ ಸಂಪರ್ಕವನ್ನು ಈ ಹೋಲಿಕೆಗೆ ಎಳೆಯಬೇಡಿ. ಬೀದಿಯ ಪೆಟ್ಟಿಗೆಯಲ್ಲಿರುವುದು ಸ್ವಿಚ್ ಅಲ್ಲ, ಕರೆಂಟೇ ಬೇಡದ ಸ್ಪ್ಲಿಟರ್. ಅದು ಬೆಳಕನ್ನು 32 ಪಾಲು ಮಾಡಿದರೆ ಎಲ್ಲ ಮನೆಗಳಿಗೂ ಎಲ್ಲರ ದತ್ತಾಂಶವೂ ತಲಪುತ್ತದೆ. ತನ್ನದನ್ನು ಆಯ್ದುಕೊಳ್ಳುವುದು ನಿಮ್ಮ ಮನೆಯ ಮೋಡೆಮ್ಮಿನೊಳಗಿನ ಎಲೆಕ್ಟ್ರಾನಿಕ್ಸ್.